ಜಾಣತನ, ಆಸಕ್ತಿ ಮತ್ತು ಅಂಕಗಳು

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು: ‘ಅವಳು ಹುಟ್ಟಾ ಜಾಣೆ, ಇವನಿಗೆ ಗಣಿತ ತಲೆಗೆ ಹತ್ತುವುದಿಲ್ಲ.’ ಈ ತೀರ್ಪು ಎಷ್ಟು ಸರಿ?

ಜರ್ಮನಿಯ ಬವೇರಿಯಾ ರಾಜ್ಯದಲ್ಲಿ ಸುಮಾರು 3,500 ವಿದ್ಯಾರ್ಥಿಗಳ ಗಣಿತ ಸಾಮರ್ಥ್ಯವನ್ನು ಐದನೆಯ ತರಗತಿಯಿಂದ ಹತ್ತನೆಯದರವರೆಗೆ ಪ್ರತಿವರ್ಷವೂ ಅಳೆಯಲಾಯಿತು. ಮನಶ್ಶಾಸ್ತ್ರಜ್ಞ ಕೋ ಮುರಯಾಮ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಈ ಅಧ್ಯಯನದಂತೆ, ಆರಂಭದ ಮಟ್ಟಕ್ಕೂ ಬುದ್ಧಿಮತ್ತೆಗೂ ನಿಕಟ ಸಂಬಂಧವಿತ್ತು. ಆದರೆ ಅಲ್ಲಿಂದ ಮುಂದೆ ಮಗು ಎಷ್ಟು ಬೆಳೆಯಿತು ಎಂಬುದಕ್ಕೂ ಬುದ್ಧಿಮತ್ತೆಗೂ ಸಂಬಂಧ ಕಂಡುಬರಲಿಲ್ಲ. ಹೆಚ್ಚು ಬೆಳೆದವರಲ್ಲಿ ಕಂಡ ಗುಣಗಳು ಮೂರು: ‘ಪ್ರಯತ್ನಿಸಿದರೆ ನನಗೂ ಸಾಧ್ಯ’ ಎಂಬ ನಂಬಿಕೆ, ವಿಷಯದ ಬಗೆಗೇ ಇರುವ ಆಸಕ್ತಿ, ಮತ್ತು ಕಂಠಪಾಠಕ್ಕೆ ಬದಲಾಗಿ ಹೊಸ ಪಾಠವನ್ನು ತಿಳಿದ ಸಂಗತಿಗಳೊಡನೆ ಹೊಂದಿಸಿ ಕಲಿಯುವ ಕ್ರಮ. ಒಳ್ಳೆಯ ಅಂಕದ ಆಸೆಯೊಂದೇ ಆ ಬೆಳವಣಿಗೆಗೆ ಸಾಕಾಗಲಿಲ್ಲ.

ಬುದ್ಧಿಮತ್ತೆ ಮುಖ್ಯವಲ್ಲ ಎಂದು ಇದರ ಅರ್ಥವಲ್ಲ. ಒಂದು ಪರೀಕ್ಷೆಯ ಅಂಕವು ಮಗು ಇಂದು ನಿಂತಿರುವ ಸ್ಥಳವನ್ನು ಹೇಳುತ್ತದೆಯೇ ಹೊರತು ನಾಳೆ ತಲಪುವ ಸ್ಥಳವನ್ನಲ್ಲ ಎಂಬುದೇ ಇಲ್ಲಿನ ಪಾಠ. ಆದ್ದರಿಂದ ‘ಎಷ್ಟು ಅಂಕ ಬಂತು?’ ಎಂದು ಕೇಳುವ ಮೊದಲು ‘ಇಂದು ಏನು ಅರ್ಥವಾಯಿತು? ನನಗೂ ಸ್ವಲ್ಪ ಹೇಳು’ ಎಂದು ಕೇಳುವ ರೂಢಿ ನಮ್ಮ ಮನೆಗಳಲ್ಲಿ ಬೆಳೆಯಬೇಕು.

ನಮ್ಮ ಕನ್ನಡ ಸಂಘಗಳು ಪ್ರತಿವರ್ಷ ಪ್ರತಿಭಾ ಪುರಸ್ಕಾರ ನೀಡುತ್ತವೆ. ತೊಂಬತ್ತು ದಾಟಿದವರೊಡನೆ, ನಲವತ್ತರಿಂದ ಅರವತ್ತಕ್ಕೆ ಏರಿದ ಮಗುವನ್ನೂ ಅದೇ ವೇದಿಕೆಗೆ ಕರೆದು ಶಾಲು ಹೊದಿಸುವುದು ನಮ್ಮೆಲ್ಲರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.