ಆಟ, ಜೂಜು ಮತ್ತು ಪಣ: ಕರ್ನಾಟಕದ ಆನ್‌ಲೈನ್ ಜೂಜು ಶಾಸನದಲ್ಲಿ ಅರ್ಥದ ಪ್ರಶ್ನೆ

'ಜೂಜು' ಎಂಬುದು ಸಂಸ್ಕೃತದ 'ದ್ಯೂತ' ಶಬ್ದದ ತದ್ಭವ. ಕನ್ನಡದಲ್ಲಿ ಆಟವನ್ನೂ ಆಡುತ್ತಾರೆ, ಜೂಜನ್ನೂ ಆಡುತ್ತಾರೆ; ಕ್ರಿಯಾಪದ ಒಂದೇ. ಲೋಕರೂಢಿಯಲ್ಲಿ ಇವೆರಡನ್ನು ಬೇರ್ಪಡಿಸುವುದು ಪಣ. ಮಹಾಭಾರತದ ದ್ಯೂತಪ್ರಸಂಗದಲ್ಲಿ ಶಕುನಿಯು ದಾಳ ಉರುಳಿಸುವುದರಲ್ಲಿ ನಿಪುಣನೆಂಬುದು ಪ್ರಸಿದ್ಧ. ಆದರೆ ಆ ನೈಪುಣ್ಯದ ಕಾರಣದಿಂದ ಅದು ಜೂಜಲ್ಲವೆಂದು ಯಾರೂ ಭಾವಿಸುವುದಿಲ್ಲ.

ನ್ಯಾಯಾಲಯಗಳ ಪರಂಪರೆಯಲ್ಲಿ ಈ ಪದದ ಅರ್ಥ ಬೇರೊಂದು ದಾರಿ ಹಿಡಿದಿದೆ. ಅಲ್ಲಿ ಮುಖ್ಯವಾದುದು ಪಣವಲ್ಲ. ಗೆಲುವು ಕೌಶಲದಿಂದ ಬರುವುದೋ ಅದೃಷ್ಟದಿಂದಲೋ ಎಂಬುದು. ಇಸ್ಪೀಟಿನ ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕೆಂದು ವಿವೇಚಿಸಬೇಕು. ಆದ್ದರಿಂದ ಅದು ಪ್ರಧಾನವಾಗಿ ಕೌಶಲದ ಆಟವೆಂದು 1967ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. 1963ರ ಕರ್ನಾಟಕ ಪೊಲೀಸ್ ಕಾಯಿದೆಯ 176ನೆಯ ಪ್ರಕರಣವೂ ಕೌಶಲದ ಆಟಗಳಿಗೆ ವಿನಾಯಿತಿ ನೀಡಿತ್ತು.

ಮೊಬೈಲಿನ ಮೂಲಕ ಜೂಜು ಮನೆಮನೆಗೆ ಬಂದ ಹಿನ್ನೆಲೆಯಲ್ಲಿ ರಾಜ್ಯವು 2021ರಲ್ಲಿ ಈ ಕಾಯಿದೆಗೆ ತಿದ್ದುಪಡಿ ತಂದಿತು. ಅದೇ ವರ್ಷದ ಅಕ್ಟೋಬರ್ 5ರಂದು ಜಾರಿಗೆ ಬಂದ ಈ ತಿದ್ದುಪಡಿಯು ಹಣ ತೊಡಗಿಸಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ಜೂಜಿನ ವ್ಯಾಖ್ಯೆಯೊಳಗೆ ತಂದು, ಗರಿಷ್ಠ ಮೂರು ವರ್ಷಗಳ ಸೆರೆವಾಸ ಹಾಗೂ ಒಂದು ಲಕ್ಷ ರೂಪಾಯಿ ದಂಡವನ್ನು ವಿಧಿಸಿತು. ಶಾಸನವು ಹೀಗೆ ಲೋಕರೂಢಿಯ ಅರ್ಥಕ್ಕೆ ಮರಳಿತಾದರೂ, ಲಾಟರಿ ಮತ್ತು ಕುದುರೆ ಪಂದ್ಯದ ಬಾಜಿಗಳನ್ನು ಹೊರಗಿಟ್ಟಿತೆಂಬುದು ಗಮನಾರ್ಹ.

2022ರ ಫೆಬ್ರವರಿ 14ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ತಿದ್ದುಪಡಿಯ ಈ ಭಾಗಗಳನ್ನು ಅಸಿಂಧುಗೊಳಿಸಿತು. ಸಂವಿಧಾನದ ರಾಜ್ಯಪಟ್ಟಿಯ 34ನೆಯ ನಮೂದು ರಾಜ್ಯಕ್ಕೆ ಕೊಟ್ಟಿರುವುದು ಬಾಜಿ ಮತ್ತು ಜೂಜಿನ ಮೇಲಿನ ಅಧಿಕಾರವನ್ನು. ಕೌಶಲದ ಆಟಗಳು ಅದರಲ್ಲಿ ಅಡಕವಾಗುವುದಿಲ್ಲ ಎಂಬುದು ತೀರ್ಪಿನ ಒಂದು ಮುಖ್ಯ ಆಧಾರ. ಶಾಸಕಾಂಗವು ತನ್ನ ಕಾಯಿದೆಯೊಳಗಿನ ಪದಕ್ಕೆ ಹೊಸ ಅರ್ಥ ಕೊಡಬಹುದು. ಆದರೆ ತನಗೆ ಅಧಿಕಾರ ಕೊಟ್ಟ ಪದದ ಅರ್ಥವನ್ನು ತಾನೇ ಹಿಗ್ಗಿಸಲಾರದು. ಆದಾಗ್ಯೂ ಸಂವಿಧಾನಬದ್ಧವಾಗಿ ಜೂಜಿನ ವಿರುದ್ಧ ಹೊಸ ಶಾಸನ ತರಲು ತೀರ್ಪು ಅಡ್ಡಿಯಲ್ಲವೆಂದು ನ್ಯಾಯಾಲಯ ಸ್ಪಷ್ಟಪಡಿಸಿತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು ಕೌಶಲ-ಅದೃಷ್ಟಗಳ ಭೇದವನ್ನು ಬದಿಗಿಟ್ಟು, ಹಣದ ಪಣವನ್ನೇ ನಿಷೇಧದ ಮಾನದಂಡವಾಗಿಸಿತು. ಹೀಗೆ ಪಣದ ಪ್ರಶ್ನೆ ಮತ್ತೆ ಮುನ್ನೆಲೆಗೆ ಬಂದಿದೆ. ದಂಡಶಾಸನದಲ್ಲಿ ಇದು ಕೇವಲ ನಿಘಂಟಿನ ಚರ್ಚೆಯಲ್ಲ. ಪದವೊಂದರ ಅರ್ಥವ್ಯಾಪ್ತಿಯ ಮೇಲೆ ವ್ಯಕ್ತಿಯ ಸೆರೆವಾಸವು ಅವಲಂಬಿಸಿರುವಾಗ, ಆ ಅರ್ಥವು ಆಡುವವನಿಗೆ ಆಟಕ್ಕೆ ಮುನ್ನವೇ ತಿಳಿದಿರಬೇಕಾಗುತ್ತದೆ.