ಎರಡು ಕಣ್ಣು, ನಾಲ್ವರಿಗೆ ದೃಷ್ಟಿ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ಪಡೆದದ್ದು ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ರಾಜ್‌ಕುಮಾರ್ ನೇತ್ರಬ್ಯಾಂಕ್. 1994ರಲ್ಲಿ ಅದನ್ನು ಉದ್ಘಾಟಿಸಿದ ಅವರ ತಂದೆ ರಾಜ್‌ಕುಮಾರ್, ತಮ್ಮ ಮನೆಯವರೆಲ್ಲರ ಕಣ್ಣುಗಳನ್ನೂ ದಾನ ಮಾಡುವುದಾಗಿ ಅಂದೇ ಮಾತು ಕೊಟ್ಟಿದ್ದರು. 2006ರಲ್ಲಿ ಅವರ ಕಣ್ಣು, 2017ರಲ್ಲಿ ಪತ್ನಿ ಪಾರ್ವತಮ್ಮನವರ ಕಣ್ಣು ಅಲ್ಲಿಗೇ ಸೇರಿದವು. ಪುನೀತ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಎರಡು ಕಣ್ಣು ನಾಲ್ವರಿಗೆ ಹೇಗೆ ಸಾಕಾಯಿತು?

ನೇತ್ರಬ್ಯಾಂಕಿನಿಂದ ರೋಗಿಗೆ ಸಿಗುವುದು ಇಡೀ ಕಣ್ಣುಗುಡ್ಡೆಯಲ್ಲ. ಕಣ್ಣಿನ ಮುಂದೆ ಗಡಿಯಾರದ ಗಾಜಿನ ಹಾಗೆ ಕೂತಿರುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾ ಮಾತ್ರ. ಅದರಲ್ಲಿ ರಕ್ತನಾಳವಿಲ್ಲ. ಉಸಿರಾಟಕ್ಕೆ ಬೇಕಾದ ಆಮ್ಲಜನಕವನ್ನು ಬಹುಪಾಲು ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಒಳಮೈಯಲ್ಲಿರುವ ಒಂದೇ ಸಾಲಿನ ಜೀವಕೋಶಗಳು ನೀರನ್ನು ಹೊರಹಾಕುತ್ತಾ ಅದನ್ನು ತಿಳಿಯಾಗಿಡುತ್ತವೆ. ಈ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಪೊರೆ ಬೇರೆ, ಕಾರ್ನಿಯಾದ ತೊಂದರೆ ಬೇರೆ. ಪೊರೆ ಬರುವುದು ಒಳಗಿನ ಮಸೂರಕ್ಕೆ. ಅದಕ್ಕೆ ಕೃತಕ ಮಸೂರ ಹಾಕುತ್ತಾರೆ, ದಾನಿಯ ಅಗತ್ಯವಿಲ್ಲ. ಗ್ಲಾಕೋಮಾದಿಂದ ನರ ಸತ್ತಿದ್ದರೆ ಅಥವಾ ಸಕ್ಕರೆ ಕಾಯಿಲೆಯಿಂದ ರೆಟಿನಾ ಹಾಳಾಗಿದ್ದರೆ ದಾನದ ಕಣ್ಣು ಅದನ್ನು ಸರಿಪಡಿಸಲಾರದು. ಹಳ್ಳಿಯವರು ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುವ ಬಿಳಿ ಕಲೆಯಂಥ, ಕಾರ್ನಿಯಾ ಕೆಟ್ಟು ಬರುವ ಕುರುಡಿಗೆ ಮಾತ್ರ ಇದು ಮದ್ದು.

ಆ ಹೂ ಬೀಳುವುದು ಹೆಚ್ಚಾಗಿ ದುಡಿಯುವವರ ಕಣ್ಣಿಗೆ. ಒಕ್ಕಣೆಯಲ್ಲಿ ಸಿಡಿದ ಭತ್ತ, ಕಬ್ಬಿನ ಗರಿಯ ಗೀರು ಸಾಕು, ಬೂಷ್ಟಿನ ಸೋಂಕು ಹತ್ತಿ ಹುಣ್ಣಾಗುತ್ತದೆ. ಮೊದಲ ದಿನಗಳಲ್ಲೇ ಬೂಷ್ಟು ಕೊಲ್ಲುವ ನಾಟಮೈಸಿನ್ ಹನಿ ಬಿದ್ದರೆ ಉಳಿಯಬಹುದಾದ ಕಣ್ಣಿಗೆ ಎಲೆಯ ರಸ, ಎದೆಹಾಲು ಹಿಂಡುವುದುಂಟು. ಅಂಗಡಿಯಿಂದ ಕೇಳಿ ತಂದ ಸ್ಟೆರಾಯ್ಡ್ ಹನಿ ಇನ್ನೂ ಅಪಾಯ, ಕೆಂಪು ಇಳಿಸಿ ಬೂಷ್ಟನ್ನು ಬೆಳೆಸುತ್ತದೆ. ಎಲೆ ಅಡಿಕೆಯ ಸುಣ್ಣ ಮಕ್ಕಳ ಕಣ್ಣಿಗೆ ಚಿಮ್ಮುವುದೂ ಅಷ್ಟೇ ಘೋರ. ಆಗ ಆಸ್ಪತ್ರೆಗೆ ಓಡುವ ಮೊದಲು ಹದಿನೈದು–ಇಪ್ಪತ್ತು ನಿಮಿಷ ಶುದ್ಧ ನೀರು ಹರಿಸಿ ಕಣ್ಣು ತೊಳೆಯಬೇಕು.

ಜಗತ್ತಿನಲ್ಲಿ ಮನುಷ್ಯನ ಕಾರ್ನಿಯಾ ಕಸಿ ಮೊದಲು ಗೆದ್ದದ್ದೂ ಸುಣ್ಣದಿಂದ ಸುಟ್ಟ ಕಣ್ಣಿನಲ್ಲೇ. 1905ರ ಡಿಸೆಂಬರ್ 7ರಂದು, ಈಗಿನ ಚೆಕ್ ಗಣರಾಜ್ಯದ ಒಲೊಮೋತ್ಸ್‌ನಲ್ಲಿ ಎಡ್ವರ್ಡ್ ಝಿರ್ಮ್ ಎಂಬ ವೈದ್ಯ ಒಬ್ಬ ಕೂಲಿಕಾರನಿಗೆ ಇದನ್ನು ಮಾಡಿದ. ಗಾಯದಿಂದ ದೃಷ್ಟಿ ಹೋಗಿ, ತೆಗೆಯಲೇಬೇಕಾಗಿ ಬಂದ ಒಬ್ಬ ಹುಡುಗನ ಕಣ್ಣಿನ ಕಾರ್ನಿಯಾ ಅದು. ಕೂಲಿಕಾರ ಒಂದು ಕಣ್ಣಿನ ದೃಷ್ಟಿ ಮರಳಿ ಪಡೆದು ಕೆಲಸಕ್ಕೆ ಹೋದ. ನಮ್ಮ ದೇಶದ ಮೊದಲ ನೇತ್ರಬ್ಯಾಂಕ್ 1945ರಲ್ಲಿ ಮದ್ರಾಸಿನಲ್ಲಿ ಶುರುವಾಯಿತು.

ಕಾರ್ನಿಯಾ ಕೆಡುವುದು ಗಾಯದಿಂದ ಮಾತ್ರವಲ್ಲ. ಹರೆಯದವರಲ್ಲಿ ಅದು ತೆಳುವಾಗಿ ಮುಂದಕ್ಕೆ ಚಾಚಿಕೊಳ್ಳುವ ಕೆರಾಟೊಕೋನಸ್‌ಗೆ ಈಗ ವಿಟಮಿನ್ ಬಿ2 ಹನಿ ಮತ್ತು ನೇರಳಾತೀತ ಬೆಳಕಿನ ಚಿಕಿತ್ಸೆಯಿದೆ. ಬೇಗ ವೈದ್ಯರ ಬಳಿ ಬಂದರೆ ಹೆಚ್ಚಿನವರಿಗೆ ಕಸಿಯೇ ಬೇಡ. ಕಣ್ಣುಜ್ಜುವ ಚಟ ಬಿಡಬೇಕು. ಔಷಧದ ಅಲರ್ಜಿಯಿಂದ ಬರುವ ಸ್ಟೀವನ್ಸ್–ಜಾನ್ಸನ್ ಎಂಬ ಅಪರೂಪದ ಕಾಯಿಲೆಯಲ್ಲಿ ಕಣ್ಣು ಒಣಗಿ ಸಾಧಾರಣ ಕಸಿ ನಿಲ್ಲುವುದೇ ಇಲ್ಲ. ಅಂಥ ಕೆಲವರಿಗೆ ಅವರದೇ ಹಲ್ಲಿನ ತುಂಡಿನಲ್ಲಿ ಪ್ಲಾಸ್ಟಿಕ್ ಮಸೂರ ಕೂರಿಸಿ ಕಣ್ಣಿಗೆ ಜೋಡಿಸುತ್ತಾರೆ. ನೇತ್ರವೈದ್ಯದಲ್ಲಿ ಇದಕ್ಕಿಂತ ದೊಡ್ಡ ಛಲ ನನಗೆ ಕಂಡಿಲ್ಲ.

ಹಿಂದೆಲ್ಲ ಇಡೀ ಕಾರ್ನಿಯಾವನ್ನೇ ಕತ್ತರಿಸಿ ಬದಲಿಸುತ್ತಿದ್ದರು. ಈಗ ಕೆಟ್ಟ ಪದರವಷ್ಟನ್ನೇ ಬದಲಿಸಬಹುದು. ಪುನೀತ್ ಅವರ ಪ್ರತಿ ಕಾರ್ನಿಯಾವನ್ನೂ ಎರಡಾಗಿ ಸೀಳಿದರು. ಮುಂಪದರ ಕೆಟ್ಟಿದ್ದ ಇಬ್ಬರಿಗೆ ಮುಂಭಾಗ, ಹಿಂಪದರ ಕೆಟ್ಟಿದ್ದ ಇಬ್ಬರಿಗೆ ಹಿಂಭಾಗ ಹಾಕಿದರು.

ಎಲ್ಲ ದಾನಕ್ಕೂ ಇಂಥ ಫಲ ಸಿಗುವುದಿಲ್ಲ. ಬ್ಯಾಂಕಿನವರು ದಾನಿಯ ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಪರೀಕ್ಷಿಸುತ್ತಾರೆ, ಒಳಪದರದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಕಸಿಗೆ ಬಾರದ್ದು ತರಬೇತಿಗೆ, ಸಂಶೋಧನೆಗೆ ಹೋಗುತ್ತದೆ. ಕನ್ನಡಕ, ಸಕ್ಕರೆ ಕಾಯಿಲೆ, ಬಿಪಿ, ಪೊರೆಯ ಆಪರೇಷನ್ ಯಾವುದೂ ಅಡ್ಡಿಯಲ್ಲ.

ದಾನಪತ್ರ ತುಂಬಿದ್ದರೂ ಕೊನೆಗೆ ಒಪ್ಪಬೇಕಾದವರು ಮನೆಯವರೇ. ಆದ್ದರಿಂದ ಬದುಕಿದ್ದಾಗಲೇ ಮನೆಯಲ್ಲಿ ಈ ಮಾತು ಆಡಿಟ್ಟಿರಬೇಕು. ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಬ್ಯಾಂಕಿಗೆ ಫೋನ್ ಮಾಡಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆಗೆ ದಿಂಬು ಕೊಟ್ಟಿದ್ದರೆ ಸಾಕು. ಸಿಬ್ಬಂದಿ ಮನೆಗೇ ಬಂದು ಅರ್ಧ ಗಂಟೆಯೊಳಗೆ ಕೆಲಸ ಮುಗಿಸುತ್ತಾರೆ. ಮುಖ ವಿಕಾರವಾಗುವುದಿಲ್ಲ, ಅಂತ್ಯಕ್ರಿಯೆ ತಡವಾಗುವುದಿಲ್ಲ, ಮನೆಯವರು ಒಂದು ಪೈಸೆಯನ್ನೂ ಕೊಡಬೇಕಿಲ್ಲ.