ಸಾರ್ವಜನಿಕ ವಿಶ್ವಕೋಶವೂ ಸ್ವಸಂಸ್ಥೆಯ ಸ್ತುತಿಯೂ

2001ರಲ್ಲಿ ಆರಂಭವಾದ ವಿಕಿಪೀಡಿಯ ಎಂಬ ವಿಶ್ವಕೋಶದಲ್ಲಿ ಬರೆಯುವ ಅಧಿಕಾರವು ಸರ್ವರಿಗೂ ಉಂಟು. ಬಾಗಿಲು ತೆರೆದಿರುವುದರಿಂದ ವರ್ತಕರೂ ಕಾರ್ಖಾನೆಗಳ ಯಜಮಾನರೂ ಅಲ್ಲಿ ತಂತಮ್ಮ ಸಂಸ್ಥೆಗಳ ಗುಣಗಾನಕ್ಕೆ ತೊಡಗುವುದು ಸಹಜವೇ. ಆದರೆ ಅದು ಜಾಹೀರಾತಿನ ಹಲಗೆಯಲ್ಲ. ಸಂಸ್ಥೆಯೊಡನೆ ಸಂಬಂಧವಿಲ್ಲದ ಪತ್ರಿಕೆಗಳೋ ಗ್ರಂಥಗಳೋ ಅದನ್ನು ಕುರಿತು ವಿಸ್ತಾರವಾಗಿ ಬರೆದಿದ್ದಲ್ಲದೆ ಲೇಖನಕ್ಕೆ ಅಲ್ಲಿ ಸ್ಥಾನವಿಲ್ಲ. ಯಜಮಾನನು ತಾನೇ ಹಂಚಿದ ಪ್ರಕಟಣೆಯು ಅದಕ್ಕೆ ಸಾಲದು.

ಈ ನಿಯಮವನ್ನು ಕಠಿಣವೆನ್ನುವವರು 2015ರಲ್ಲಿ ಬಯಲಿಗೆ ಬಂದುದನ್ನು ಅವಲೋಕಿಸಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಗುಂಪೊಂದು, ಕರಡು ಲೇಖನ ತಿರಸ್ಕೃತವಾದ ಸಣ್ಣ ವ್ಯಾಪಾರಿಗಳನ್ನು ಹುಡುಕಿ, ಅನುಭವಿ ಸಂಪಾದಕರ ಸೋಗಿನಲ್ಲಿ ಬಂದು, ಹಣ ತೆತ್ತರೆ ಪ್ರಕಟಿಸುವೆವೆಂದು ನಂಬಿಸಿತು. ಪ್ರಕಟವಾದ ಮೇಲೆ, ಅದನ್ನು ಅಳಿಸದಂತೆ ಕಾಯುವುದಕ್ಕೆಂದು ಮತ್ತೆ ಹಣ ಕೇಳಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ! ಕಡೆಗೆ 381 ಖಾತೆಗಳು ನಿರ್ಬಂಧಕ್ಕೊಳಗಾದವು. 210 ಲೇಖನಗಳು ಅಳಿದುವು. ವ್ಯಾಪಾರಿಗೆ ಹಣವೂ ಹೋಯಿತು, ಲೇಖನವೂ ಹೋಯಿತು.

ನೇರವಾದ ಮಾರ್ಗವು ಇಲ್ಲದಿಲ್ಲ. ಪ್ರತಿಫಲ ಪಡೆದು ಬರೆಯುವವನು ತನ್ನ ಯಜಮಾನನಾರೆಂಬುದನ್ನು ಬಹಿರಂಗಪಡಿಸಬೇಕೆಂಬ ನಿಬಂಧನೆಯು 2014ರಲ್ಲಿಯೇ ಬಂದಿತು. ಸಂಸ್ಥೆಯ ವಿಷಯದಲ್ಲಿ ತಪ್ಪು ಕಂಡರೆ, ತಾನೇ ತಿದ್ದದೆ, ಚರ್ಚಾಪುಟದಲ್ಲಿ ತನ್ನ ಸಂಬಂಧವನ್ನು ತಿಳಿಸಿ, ಆಧಾರಸಹಿತವಾಗಿ ವಿಜ್ಞಾಪಿಸಿಕೊಳ್ಳಬಹುದು. ಸಂಬಂಧವಿಲ್ಲದವರು ಪರಿಶೀಲಿಸಿ ತಿದ್ದುವರು.

2003ರಲ್ಲಿ ಹುಟ್ಟಿದ ನಮ್ಮ ಕನ್ನಡ ವಿಕಿಪೀಡಿಯದ ಕಾವಲಿಗಾದರೋ ಇಂಗ್ಲಿಷಿನಷ್ಟು ಮಂದಿ ಸ್ವಯಂಸೇವಕರಿಲ್ಲ. ಇಲ್ಲಿ ನುಸುಳಿದ ಸ್ವಪ್ರಶಂಸೆಯು ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಉಳಿದೀತು. ಶಾಲೆಯ ಹುಡುಗರು ಅದನ್ನೇ ಸತ್ಯವೆಂದು ಬರೆದುಕೊಂಡಾರು.